ಮಡಚಿದ ಪುಟದವರೆಗೆ

ಕಟ್ಲರ್ಸ್ ಬೇ
19 ಡಿಸೆಂಬರ್ 2017

ಮಿಸ್ ಡೆ ಹಾನ್ ಅವರಿಗೆ,

ನಿಮ್ಮ ಶಾಲೆಯ ಲೈಬ್ರರಿಯಿಂದ ನನ್ನ ಮಗಳಿಗೆ ಒಂದು ನೋಟೀಸು ಬಂದಿದೆ. ಇದರ ಜೊತೆಗೇ ಇಟ್ಟಿದ್ದೇನೆ, ನೋಡಿಕೊಳ್ಳಿ. ‘ಪ್ರಿಯ ಬ್ರಯನಿ, ಹತ್ತನೇ ತರಗತಿ ಮುಗಿಸಿ ಶಾಲೆ ಬಿಡುತ್ತಿರುವ ನಿನಗೆ ಶುಭಾಶಯ. ಹೊರಡುವ ಮೊದಲು ನಿನ್ನ ಹೆಸರಿನಲ್ಲಿರುವ ಪುಸ್ತಕವನ್ನು ದಯವಿಟ್ಟು ಹಿಂದಿರುಗಿಸು. ಪುಸ್ತಕದ ಹೆಸರು: ಕೊಲ್ಲಿಯಾಚೆಯ ಗಂಟೆ.’

ನನ್ನ ಮಗಳು ಬ್ರಯನಿ ಪರ್ಡನ್ ಒಂಬತ್ತನೇ ತರಗತಿಯಲ್ಲಿದ್ದಾಗ, ಹೋದ ವರ್ಷ ಆಗಸ್ಟಿನಲ್ಲಿ, ಹೊರಬಂಡೆಯ ಮೇಲಿಂದ ಸಮುದ್ರದ ಪಾಲಾದಳು. ಅವಳ ದೇಹ ಸಿಗಲಿಲ್ಲ. ಇದೆಲ್ಲ ನಿಮಗೆ ಗೊತ್ತೇ ಇಲ್ಲವೇನೋ ಎಂಬಂತೆ ಬರೆಯುತ್ತಿದ್ದೇನೆ, ಯಾಕೆಂದರೆ ನಿಮ್ಮ ಲೈಬ್ರರಿಗೆ ಗೊತ್ತಿರುವ ಹಾಗೆ ಕಾಣುವುದಿಲ್ಲ. ಅದರ ಪ್ರಕಾರ ಅವಳು ಪಾಸಾಗಿದ್ದಾಳೆ. ಬೇರೆ ಮಕ್ಕಳ ಹಾಗೆ ಫೆಬ್ರವರಿಯಲ್ಲಿ ದ್ವೀಪ ಬಿಟ್ಟು ಕಾಲೇಜಿಗೆ ಹೋಗುತ್ತಾಳೆ.

ಲಕೋಟೆಯ ಮೇಲೆ ಅವಳ ಹೆಸರು ನೋಡಿದಾಗ ನನ್ನ ಮನಸ್ಸಿಗೆ ಮೊದಲು ಏನು ಬಂತು ಎಂದು ನಿಮಗೆ ಹೇಳುವುದಿಲ್ಲ.

ಅವಳ ಹೆಸರು ತೆಗೆಸಿಹಾಕಿ.

ರೇಲೀನ್ ಪರ್ಡನ್


ಲಾನ್ಸೆಸ್ಟನ್
28 ಡಿಸೆಂಬರ್ 2017

ರೇಲೀನ್,

ನಿನ್ನ ಕಾಗದವನ್ನು ಶಾಲೆಯ ಆಫೀಸಿನವರು ಇಲ್ಲಿಗೆ ಕಳಿಸಿಕೊಟ್ಟರು. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ತಮ್ಮನ ಮನೆಯಲ್ಲಿದ್ದೇನೆ. ಒಂದು ಕಣ್ಣಿಗೆ ಇನ್ನೂ ಪಟ್ಟಿ ಇದೆ, ಸಾಲು ಸೊಟ್ಟಗಿದ್ದರೆ ಅದಕ್ಕೇ.

ಹಾಗಾಗಬಾರದಿತ್ತು. ಹೇಗಾಯಿತು ಎಂದು ಹೇಳುತ್ತೇನೆ.

ಶಾಲೆಯ ಹಾಜರಿಯಿಂದ ಬ್ರಯನಿಯ ಹೆಸರನ್ನು ಆಗಲೇ ತೆಗೆದಿದ್ದರು. ಲೈಬ್ರರಿಯ ಕಂಪ್ಯೂಟರ್ ಬೇರೆ. ಯಾರ ಬಳಿ ಪುಸ್ತಕ ಉಳಿದಿದೆಯೋ ಅವರ ಹೆಸರು ಅಳಿಸಲು ಅದು ಬಿಡುವುದಿಲ್ಲ. ಒಂದೋ ಪುಸ್ತಕ ವಾಪಸು ಬರಬೇಕು, ಇಲ್ಲವೇ ‘ಕಳೆದುಹೋಗಿದೆ’ ಎಂದು ನಾನು ಒತ್ತಬೇಕು. ನಾನು ಒತ್ತಲಿಲ್ಲ. ವರ್ಷದ ಮೊದಲಿಗೆ ಅದು ತಾನಾಗಿಯೇ ಎಲ್ಲ ಮಕ್ಕಳನ್ನೂ ಒಂದು ತರಗತಿ ಮೇಲಕ್ಕೆ ಹಾಕುತ್ತದೆ. ಅವಳನ್ನೂ ಹಾಕಿತು. ಪ್ರತಿ ಟರ್ಮಿನ ಕೊನೆಗೆ ನೋಟೀಸುಗಳು ಅಚ್ಚಾಗಿ ಬಂದಾಗ ಅವಳದನ್ನು ಕಟ್ಟಿನಿಂದ ಎತ್ತಿ ನನ್ನ ಡ್ರಾಯರಿಗೆ ಹಾಕಿಕೊಳ್ಳುತ್ತಿದ್ದೆ. ಈ ಸಲ ನಾನಿರಲಿಲ್ಲ. ನನ್ನ ಜಾಗಕ್ಕೆ ಬಂದ ಹುಡುಗಿ ದ್ವೀಪಕ್ಕೆ ಹೊಸಬಳು. ಇದ್ದುದನ್ನೆಲ್ಲ ಅಂಚೆಗೆ ಹಾಕಿದ್ದಾಳೆ. ಅವಳನ್ನು ಬಯ್ಯಲು ನನಗೆ ಕಾರಣವಿಲ್ಲ.

ಒತ್ತುವುದಕ್ಕೆ ಕ್ಷಣ ಸಾಕು. ಒತ್ತಿದರೆ ಅವಳ ಹೆಸರು ಹೋಗುತ್ತದೆ, ಅವಳು ನಮ್ಮಲ್ಲಿ ಓದುತ್ತಿದ್ದಳು ಎಂಬುದಕ್ಕೆ ಲೈಬ್ರರಿಯಲ್ಲಿ ಏನೂ ಉಳಿಯುವುದಿಲ್ಲ. ನನ್ನಷ್ಟಕ್ಕೆ ನಾನೇ ಅದನ್ನು ಮಾಡಲು ಆಗಲಿಲ್ಲ. ನೀನು ಇನ್ನೊಮ್ಮೆ ಹೇಳಿದರೆ ಮಾಡುತ್ತೇನೆ.

ಇನೆಕೆ


ಕಟ್ಲರ್ಸ್ ಬೇ
6 ಜನವರಿ 2018

ಇನೆಕೆ,

ಒತ್ತಬೇಡ.

ನಿನ್ನ ಕಾಗದ ಬಂದ ಮೇಲೆ ಮನೆಯೆಲ್ಲ ಜಾಲಾಡಿದೆ. ಅವಳ ಕೋಣೆ, ಶೆಡ್, ಪಿಕಪ್ಪಿನ ಸೀಟಿನ ಹಿಂದೆ, ಮಾರಲು ಕಡಲಪಾಚಿ ಒಣಹಾಕುವ ಅಟ್ಟಣೆಗಳ ಕೆಳಗೆ ಕೂಡ. ಅವಳು ಅಲ್ಲಿ ಮಲಗಿಕೊಂಡು ಓದುತ್ತಿದ್ದಳಲ್ಲ, ಮೇಲಿಂದ ಪಾಚಿಯ ನೀರು ಪುಸ್ತಕದ ಮೇಲೆ ತೊಟ್ಟಿಕ್ಕಿದರೂ ಏಳುತ್ತಿರಲಿಲ್ಲ. ಪುಸ್ತಕ ಎಲ್ಲೂ ಇಲ್ಲ. ಬಂಡೆಯ ಮೇಲೆ ಪೊಲೀಸರಿಗೆ ಸಿಕ್ಕಿದ ಬ್ಯಾಗಿನಲ್ಲೂ ಇರಲಿಲ್ಲ. ಅಂದರೆ ಅವಳ ಕೈಯಲ್ಲಿ ಇತ್ತು.

ಬರ್ನಿಯಲ್ಲಿರುವ ನನ್ನ ತಂಗಿ ಅಲ್ಲಿಯ ಪುಸ್ತಕದಂಗಡಿಯವರ ಹತ್ತಿರ ಕೇಳಿ ಕಥೆ ಏನು ಅಂತ ಫೋನಿನಲ್ಲಿ ಹೇಳಿದಳು. ಯಾವುದೋ ಚಳಿ ದೇಶದ ದ್ವೀಪವಂತೆ. ಒಬ್ಬ ಹುಡುಗಿ ಮನೆಯಲ್ಲಿ ಯಾರಿಗೂ ಹೇಳದೆ ಸಮುದ್ರದ ಮೇಲೆ ನಡೆದುಕೊಂಡು ಹೋಗುತ್ತಾಳಂತೆ, ತಿರುಗಿ ಬರುವುದಿಲ್ಲವಂತೆ. ತಂಗಿ ಹೇಳುತ್ತಾ ಹೇಳುತ್ತಾ ನಿಲ್ಲಿಸಿದಳು. ಆಮೇಲೆ ಹವಾಮಾನದ ಮಾತು ತೆಗೆದಳು.

ಅಲೆ ಎಳೆದುಕೊಂಡು ಹೋಯಿತು ಅಂತ ಪೊಲೀಸರು ಬರೆದುಕೊಂಡರು. ಯಾರೂ ನೋಡಿದವರಿಲ್ಲ. ಆ ಬಂಡೆ ಅವಳಿಗೆ ನಮ್ಮ ಅಂಗಳದ ಹಾಗೆ. ಎಲ್ಲಿ ನಿಲ್ಲಬಾರದು ಅಂತ ನಾನೇ ಕಲಿಸಿದ್ದೆ. ಬಿರುಗಾಳಿ ಆದ ಮರುದಿನ ಪಾಚಿ ಎಳೆಯಲು ನಾನು ಇವತ್ತಿಗೂ ಆ ದಡಕ್ಕೇ ಹೋಗುತ್ತೇನೆ, ಇನೆಕೆ. ಅಲೆ ಏನು ತಂದು ಹಾಕಿದೆ ಅಂತ ನೋಡುವುದೇ ನನ್ನ ಕೆಲಸ. ಬೇರೆಯವರ ಬಲೆ, ಬೇರೆಯವರ ಬೂಟು, ಒಮ್ಮೆ ಒಂದು ಕುರ್ಚಿ. ನೋಡುತ್ತಾ ನೋಡುತ್ತಾ ಒಂದೇ ಮಾತು ಕೇಳಿಕೊಳ್ಳುತ್ತೇನೆ. ಜಾರಿದಳೋ, ಹೋದಳೋ?

ಅವಳ ನೆನಪಿನ ಪ್ರಾರ್ಥನೆಯ ದಿನ ನಿನ್ನನ್ನು ಕೇಳಿದೆ, ಆ ಆಗಸ್ಟಿನ ಚಳಿಗಾಲದಲ್ಲಿ ಅವಳು ಏನೇನು ಓದುತ್ತಿದ್ದಳು ಅಂತ. ಹೇಳುವ ಹಾಗಿಲ್ಲ ಅಂದೆ ನೀನು. ಕೈಯಲ್ಲಿ ಟೀ ಕಪ್ ಹಿಡಿದುಕೊಂಡು ಹಾಗಂದೆ. ಅವತ್ತಿನಿಂದ ನಿನ್ನ ಜೊತೆ ಮಾತು ಬಿಟ್ಟೆ. ಈಗ ಮತ್ತೆ ಕೇಳುತ್ತಿದ್ದೇನೆ. ಆ ಪುಸ್ತಕ ಅವಳಿಗೆ ಕೊಟ್ಟದ್ದು ನೀನೇನಾ? ಅದನ್ನು ಓದಿ ಅವಳು ನಿನ್ನ ಹತ್ತಿರ ಏನಂದಳು?

ರೇಲೀನ್


ಲಾನ್ಸೆಸ್ಟನ್
14 ಜನವರಿ 2018

ರೇಲೀನ್,

ಹದಿನಾಲ್ಕು ವರ್ಷದ ಹುಡುಗಿಗೆ ‘ಇದನ್ನು ಓದು’ ಎಂದರೆ ಆ ಪುಸ್ತಕವನ್ನು ಅವಳು ಮತ್ತೆ ಮುಟ್ಟುವುದಿಲ್ಲ. ಅದಕ್ಕೇ ನಾನು ಯಾರ ಕೈಗೂ ಪುಸ್ತಕ ಕೊಡುವುದಿಲ್ಲ. ಅವರು ಕೂರುವ ಕಿಟಕಿಯ ಹತ್ತಿರ ಒಂದನ್ನು ಮರೆತವಳ ಹಾಗೆ ಬಿಟ್ಟು, ಬೇರೆ ಕಡೆ ಹೋಗಿ ಬೆನ್ನು ಹಾಕಿ ನಿಲ್ಲುತ್ತೇನೆ. ಅವರು ಕದ್ದ ಹಾಗೆ ಎತ್ತಿಕೊಳ್ಳಬೇಕು. ಹಾಗೆ ಎತ್ತಿಕೊಂಡದ್ದನ್ನು ಬಹಳಷ್ಟು ಸಲ ಮುಗಿಸುತ್ತಾರೆ. ‘ಕೊಲ್ಲಿಯಾಚೆಯ ಗಂಟೆ’ಯನ್ನೂ ಹೀಗೆ ಕಿಟಕಿಯ ಹತ್ತಿರ ಬಿಟ್ಟಿದ್ದೆ. ಅದು ಒಳ್ಳೆಯ ಕಾದಂಬರಿ, ಒಳ್ಳೆಯ ಅನುವಾದ. ಬಿಟ್ಟದ್ದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ.

ಯಾರು ಏನು ಓದಿದರು, ಓದಿ ಏನಂದರು ಎಂಬುದನ್ನು ಹೇಳಲಾರೆ. ಮನೆಗೆ ಹೇಳುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಈ ಮಕ್ಕಳು ನನ್ನ ಬಾಗಿಲಿಗೆ ಬರುತ್ತಾರೆ. ಬದುಕಿದ್ದ ಬ್ರಯನಿಗೆ ಕೊಟ್ಟ ಮಾತು ಅದು. ಅವಳಿಲ್ಲ ಎಂದ ಮಾತ್ರಕ್ಕೆ ಹಿಂತೆಗೆದುಕೊಳ್ಳಲು ನನಗೆ ಯಾರ ಅಪ್ಪಣೆ ಇದೆ? ನೀನು ಅವಳ ತಾಯಿ ಎಂಬುದು ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಪುಸ್ತಕದಲ್ಲಿ ಇರುವುದನ್ನು ಮಾತ್ರ ಹೇಳಬಲ್ಲೆ. ನಿನ್ನ ತಂಗಿಗೆ ಅರ್ಧ ಕಥೆ ಹೇಳಿದ್ದಾರೆ. ಚಳಿಗಾಲದಲ್ಲಿ ಕೊಲ್ಲಿ ಹೆಪ್ಪುಗಟ್ಟುತ್ತದೆ. ತಾಯಿಗೆ ಜ್ವರ. ಅಕ್ಕ ತಂಗಿಯರಲ್ಲಿ ಅಕ್ಕ ಆಚೆ ದಡದಿಂದ ದಾದಿಯನ್ನು ಕರೆತರಲು ಹಿಮದ ಮೇಲೆ ನಡೆದು ಹೋಗುತ್ತಾಳೆ. ಮುಟ್ಟಿದ ಮೇಲೆ ಅಲ್ಲಿನ ಇಗರ್ಜಿಯ ಗಂಟೆ ಬಾರಿಸುತ್ತೇನೆ ಎಂದು ತಂಗಿಗೆ ಹೇಳಿ ಹೋಗುತ್ತಾಳೆ. ಕೊನೆಯ ಪುಟದಲ್ಲಿ ತಂಗಿಗೆ ಗಂಟೆ ಕೇಳಿಸುತ್ತದೆ. ಬಾರಿಸಿದ್ದು ಯಾರು, ಗಾಳಿಯೋ ಅಕ್ಕನೋ, ಪುಸ್ತಕ ಹೇಳುವುದಿಲ್ಲ. ಆ ಹುಡುಗಿ ಸಾಯಲು ಹೊರಟವಳಲ್ಲ.

ಇದು ನೀನು ಕೇಳಿದ್ದಕ್ಕೆ ಉತ್ತರವಲ್ಲ.

ಇನೆಕೆ


ಕಟ್ಲರ್ಸ್ ಬೇ
20 ಜನವರಿ 2018

ಇನೆಕೆ,

ಉತ್ತರವಲ್ಲ ಅಂತ ನಿನಗೇ ಗೊತ್ತಿದೆಯಲ್ಲ, ಅಷ್ಟು ಸಾಕು.

ನಿನ್ನ ಮಾತು ನೀನೇ ಇಟ್ಟುಕೋ. ನನ್ನ ಮಗಳು ನಿನ್ನ ಲೈಬ್ರರಿಯ ಕಪಾಟಿನಲ್ಲಿ ಭದ್ರವಾಗಿದ್ದಾಳೆ, ನನಗೆ ಸಿಗುವುದಿಲ್ಲ. ಇನ್ನು ಬರೆಯಬೇಡ.

ರೇಲೀನ್


ಶಾಲೆಯ ಲೈಬ್ರರಿ
9 ಫೆಬ್ರವರಿ 2018

ರೇಲೀನ್,

ಬರೆಯಬೇಡ ಎಂದಿದ್ದೆ. ಇದನ್ನು ಬರೆಯದೆ ಇರಲು ಆಗುವುದಿಲ್ಲ. ಶಾಲಾ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ, ನಿಮ್ಮ ತಿರುವಿನ ಡಬ್ಬಿಗೆ ಹಾಕುತ್ತಾನೆ.

ಪುಸ್ತಕ ವಾಪಸು ಬಂದಿದೆ.

ಈ ವಾರ ಶಾಲೆ ಶುರುವಾಯಿತು. ಬೆಳಿಗ್ಗೆ ಬಾಗಿಲ ಪಕ್ಕದ ವಾಪಸಾತಿ ಡಬ್ಬಿ ತೆರೆದಾಗ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಪುಸ್ತಕ ಇತ್ತು. ಸುತ್ತಿದ ರೀತಿ ಜೋಪಾನವಾಗಿತ್ತು. ಚೀಲ ಬಿಚ್ಚಿದಾಗ ಡೀಸೆಲ್ ವಾಸನೆ ಬಂತು. ಹೆಸರು ಓದಿ ಕುರ್ಚಿಯಲ್ಲಿ ಕೂತೆ. ಮಕ್ಕಳು ಬಂದು ಹೋದರು, ಅವರಿಗೆ ಏನು ಹೇಳಿದೆನೋ ನೆನಪಿಲ್ಲ.

ಅದು ಸಮುದ್ರಕ್ಕೆ ಹೋಗಿಲ್ಲ, ರೇಲೀನ್. ಒದ್ದೆಯಾದ ಪುಸ್ತಕ ಹೇಗಿರುತ್ತದೆ ಎಂದು ನನಗೆ ಗೊತ್ತು. ಇದು ಒದ್ದೆಯಾಗಿಲ್ಲ. ಅವಳ ಕೈಯಲ್ಲಿ ಇರಲಿಲ್ಲ.

ಅದೇ ಮಧ್ಯಾಹ್ನ ಒಬ್ಬರು ಬಂದು ಅದೇ ಪುಸ್ತಕ ತಮ್ಮ ಹೆಸರಿಗೆ ಬೇಕು ಎಂದರು. ಅದು ವಾಪಸು ಬಂದಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹಾಗಾಗಿ ಇಷ್ಟು ದಿನ ಯಾರ ಹತ್ತಿರ ಇತ್ತು ಎಂದು ತಿಳಿಯಿತು. ಹೆಸರು ನಿನಗೆ ಹೇಳುವಂತಿಲ್ಲ. ಆ ಓದುಗರಿಗೆ ಒಂದು ಮಾತು ಮಾತ್ರ ಹೇಳಿದೆ: ಈ ಪುಸ್ತಕವನ್ನು ರೇಲೀನ್ ಪರ್ಡನ್ ಹುಡುಕುತ್ತಿದ್ದಾಳೆ. ಮುಂದಿನದು ಅವರಿಗೆ ಬಿಟ್ಟದ್ದು.

ಪುಸ್ತಕ ನನ್ನ ಮೇಜಿನ ಮೇಲಿದೆ. ಇನ್ನೂ ಯಂತ್ರಕ್ಕೆ ತೋರಿಸಿಲ್ಲ. ತೋರಿಸಿದರೆ ಅವಳ ಹೆಸರಿನಿಂದ ಅದು ಕಳಚಿಕೊಳ್ಳುತ್ತದೆ.

ಇನೆಕೆ


ಕಟ್ಲರ್ಸ್ ಬೇ
18 ಫೆಬ್ರವರಿ 2018

ಇನೆಕೆ,

ನಿನ್ನೆ ಸ್ಪ್ರೌಲ್‌ನ ಮಗಳು ಬಂದಿದ್ದಳು, ಡಾನಿಕಾ. ಅದೇ, ಜೆಟ್ಟಿಯಲ್ಲಿ ಹಸಿರು ದೋಣಿ ಇದೆಯಲ್ಲ, ಅವರ ಮನೆಯ ಹುಡುಗಿ. ಈ ವರ್ಷ ಒಂಬತ್ತನೇ ತರಗತಿ. ಹಿಂದೆ ನಮ್ಮ ಬಸ್ಸಿನಲ್ಲೇ ಹೋಗುತ್ತಿದ್ದ ಪುಟ್ಟ ಹುಡುಗಿ, ಈಗ ನನಗಿಂತ ಎತ್ತರ.

ಸೈಕಲ್ಲನ್ನು ಗೇಟಿಗೆ ಒರಗಿಸಿ ನನ್ನ ಜೊತೆ ಪಾಚಿ ತಿರುವಿಹಾಕಲು ನಿಂತಳು. ಅಟ್ಟಣೆಯ ಈ ಕಡೆಯಿಂದ ನಾನು, ಆ ಕಡೆಯಿಂದ ಅವಳು. ಪಟ್ಟಿಗಳು ಒಣಗಿ ಬೆಲ್ಟಿನ ಹಾಗೆ ಗಟ್ಟಿಯಾಗಿದ್ದವು, ಅವಳ ಕೈ ತರಚುತ್ತಿತ್ತು. ಒಂದು ಸಾಲು ಮುಗಿದ ಮೇಲೆ ಕೇಳಿದೆ, “ಏನಮ್ಮಾ, ಕೆಲಸ ಕೇಳ್ಕೊಂಡು ಬಂದ್ಯಾ? ನಿಮ್ಮಪ್ಪ ದೋಣಿಯಿಂದ ಓಡಿಸಿದ್ನಾ?”

“ಇಲ್ಲ ಮಿಸೆಸ್ ಪಿ,” ಅಂದಳು. “ಆ ಪುಸ್ತಕ ನನ್ ಹತ್ರ ಇತ್ತು. ಶುರುವಿಂದಾನೂ ನನ್ ಹತ್ರಾನೇ ಇತ್ತು.”

ಆಮೇಲೆ ಎಲ್ಲ ಹೇಳಿದಳು. ಅದರ ಬೆನ್ನಿಗೆ ಕೆಂಪು ಚುಕ್ಕೆ ಇದೆಯಂತೆ. ಕೆಂಪು ಚುಕ್ಕೆಯವು ಒಂಬತ್ತಕ್ಕಿಂತ ಚಿಕ್ಕ ತರಗತಿಯವರಿಗೆ ಇಲ್ಲ ಅಂತ ನಿನ್ನ ಕಾನೂನಂತೆ. ಆಗ ಇವಳು ಏಳನೇ ತರಗತಿ. ಚುಕ್ಕೆ ನೋಡಿಯೇ ಆಸೆ ಹುಟ್ಟಿತಂತೆ. ಚಿಕ್ಕವರಿಗೆ ಬೇಕಾದದ್ದನ್ನು ದೊಡ್ಡವರು ತಮ್ಮ ಹೆಸರಿಗೆ ತೆಗೆದುಕೊಟ್ಟು ಬಸ್ಸಿನಲ್ಲಿ ದಾಟಿಸುವುದು ಇಡೀ ಶಾಲೆಗೆ ಗೊತ್ತಂತೆ, ನಿನಗೊಬ್ಬಳಿಗೆ ಬಿಟ್ಟು. ಬ್ರಯನಿ ತೆಗೆದುಕೊಟ್ಟಿದ್ದಳು. ಕೊಡುವ ಮೊದಲು ತಾನೂ ಒಂದು ಕೈ ನೋಡಿದಳಂತೆ. ಅವಳು ಅಂದದ್ದನ್ನು ಡಾನಿಕಾ ಅವಳ ದನಿಯಲ್ಲೇ ಹೇಳಿದಳು.

“ಇಪ್ಪತ್ತು ಪುಟ ಆದ್ರೂ ಒಬ್ರೂ ಬಾಯಿ ಬಿಡಲ್ಲ ಕಣೇ, ಎಲ್ರೂ ಹಿಮ ನೋಡ್ಕೊಂಡು ನಿಂತಿದಾರೆ. ನನ್ ಕೈಲಿ ಇಲ್ಲಿಗಾಯ್ತು. ಮುಂದಕ್ಕೆ ನೀನ್ ಹೋಗು. ಕೊನೇಲಿ ಏನಾಗುತ್ತೆ ಅಂತ ನಂಗೆ ಹೇಳಿದ್ರೆ ಸಾಕು.”

ಆ ಪುಸ್ತಕ ಅವಳನ್ನು ಸಮುದ್ರಕ್ಕೆ ಕರೆದುಕೊಂಡು ಹೋಯಿತು ಅಂತ ನಾನು ಒಂದೂವರೆ ತಿಂಗಳಿಂದ ಅಂದುಕೊಂಡಿದ್ದೆ. ಅವಳಿಗೆ ಅದು ಬೇಜಾರಾಗಿತ್ತು, ಇನೆಕೆ. ಪೂರ್ತಿ ಓದಿಯೇ ಇರಲಿಲ್ಲ.

ಆದರೆ ನಾನು ನಿನಗೆ ಬರೆಯಬೇಕು ಅಂತ ಕೂತದ್ದು ಇದಕ್ಕಲ್ಲ. ಅವಳು ಹೋದ ಆ ಬುಧವಾರದ ಬೆಳಿಗ್ಗೆ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿದ್ದರಂತೆ. ಇಳಿಯುವಾಗ ಬ್ರಯನಿ ತಿರುಗಿ ಹೇಳಿದಳಂತೆ, “ಶುಕ್ರವಾರ ತಂದ್ಕೊಡು, ಮರೀಬೇಡ. ಇಲ್ಲಾಂದ್ರೆ ಡೆ ಹಾನ್ ಮಿಸ್ ನೋಡೋ ನೋಟಕ್ಕೆ ನಾನು ನಿಂತಲ್ಲೇ ಒಣಗಿ ಹೋಗ್ತೀನಿ.”

ಶುಕ್ರವಾರ ಅಂದಳಾ, ಸರಿಯಾಗಿ ನೆನಪಿದೆಯಾ ಅಂತ ಮತ್ತೆ ಕೇಳಿದೆ. ಹುಡುಗಿ ಹೆದರಿದಳು. “ಶುಕ್ರವಾರಾನೇ ಅಂದ್ಲು ಮಿಸೆಸ್ ಪಿ,” ಅಂದಳು.

ಅವಳಿಗೆ ಒಂದು ಶುಕ್ರವಾರ ಇತ್ತು. ಬುಧವಾರ ಸಂಜೆ ಆ ಬಂಡೆಗೆ ಹೋದವಳು ಶುಕ್ರವಾರಕ್ಕೆ ನಿನ್ನ ನೋಟಕ್ಕೆ ಹೆದರಿಕೊಂಡು ಹೋದಳು. ಹೋಗಿಬಿಡಬೇಕು ಅಂತ ಇದ್ದವಳು ಲೈಬ್ರರಿಯ ಪುಸ್ತಕಕ್ಕೆ ಯಾಕೆ ಹೆದರುತ್ತಾಳೆ? ಜಾರಿದಳು. ನನ್ನ ಮಗಳು ಜಾರಿದಳು. ಇದನ್ನು ಬರೆದು ನೋಡುತ್ತಿದ್ದೇನೆ, ಬರೆಯಲು ಆಗುತ್ತಿದೆ.

ಮೊದಮೊದಲು ಬೈಯುತ್ತಾರೆ ಅಂತ ಡಾನಿಕಾ ಪುಸ್ತಕ ವಾಪಸು ಕೊಡಲಿಲ್ಲವಂತೆ. ಆಮೇಲೆ ಕೊಡಲು ಮನಸ್ಸಾಗಲಿಲ್ಲ. ಅಪ್ಪನ ದೋಣಿಯಲ್ಲಿ ಹಾಸಿಗೆಯ ಕೆಳಗೆ ಇಟ್ಟಿದ್ದಳು. ಈಗ ಒಂಬತ್ತಕ್ಕೆ ಬಂದಳಲ್ಲ, ತನ್ನ ಹೆಸರಿಗೇ ತೆಗೆದುಕೊಳ್ಳಬಹುದು ಅಂತ ತಂದು ಹಾಕಿದಳಂತೆ. ಕೊನೆ ಏನಾಗುತ್ತದೆ ಅಂತ ಯಾರಿಗೂ ಹೇಳಿಲ್ಲವಂತೆ. “ಫಸ್ಟ್ ಅವಳಿಗೆ ಹೇಳ್ಬೇಕಿತ್ತಲ್ಲ,” ಅಂದಳು.

ಹಾಗಾದರೆ ಹೇಳು ಅಂದೆ.

ಅವಳು ನನ್ನ ಮುಖ ನೋಡಲಿಲ್ಲ. ಅಟ್ಟಣೆ ದಾಟಿ ದಡದ ತನಕ ಹೋಗಿ, ಹೊರಬಂಡೆಯ ಕಡೆ ತಿರುಗಿ ನಿಂತು ಹೇಳತೊಡಗಿದಳು. ಗಾಳಿ ನಮ್ಮ ಕಡೆಯಿಂದ ಬೀಸುತ್ತಿತ್ತು, ಅವಳ ಮಾತೆಲ್ಲ ನೀರಿನ ಮೇಲೇ ಹೋಯಿತು. ನನಗೆ ಒಂದು ಶಬ್ದವೂ ಕೇಳಿಸಲಿಲ್ಲ. ಕೇಳಿಸಬೇಕಾದ್ದೂ ಅಲ್ಲ ಅಂತ ನಾನು ಪಾಚಿ ತಿರುವಿಹಾಕುತ್ತಾ ಇದ್ದೆ. ತುಂಬ ಹೊತ್ತು ಹೇಳಿದಳು. ಕಥೆ ದೊಡ್ಡದು ಅನ್ನಿಸುತ್ತೆ.

ಪುಸ್ತಕವನ್ನು ಯಂತ್ರಕ್ಕೆ ತೋರಿಸು. ಆಮೇಲೆ ನನಗೆ ಕೊಡು. ಡಾನಿಕಾ ಕಾಯುತ್ತೇನೆ ಅಂದಿದ್ದಾಳೆ.

ರೇಲೀನ್


ಶಾಲೆಯ ಲೈಬ್ರರಿ
23 ಫೆಬ್ರವರಿ 2018

ರೇಲೀನ್,

ಇವತ್ತು ಶುಕ್ರವಾರ. ಬೇಕೆಂದೇ ಇವತ್ತಿಗೆ ಇಟ್ಟುಕೊಂಡೆ.

ಬೆಳಿಗ್ಗೆ ಮಕ್ಕಳು ಬರುವ ಮೊದಲು ಪುಸ್ತಕವನ್ನು ಯಂತ್ರದ ಕೆಳಗೆ ಹಿಡಿದೆ. ಯಾವಾಗಲೂ ಬರುವ ಸಣ್ಣ ಸದ್ದೇ ಬಂತು. ಪರದೆಯ ಮೇಲೆ ಅವಳ ಹೆಸರು, ಅದರ ಕೆಳಗೆ ‘ಬಾಕಿ ಏನೂ ಇಲ್ಲ’ ಎಂಬ ಸಾಲು. ಅದನ್ನು ಓದಿದ ಮೇಲೆ ಅವಳ ಹೆಸರು ಅಳಿಸಲು ಹೇಳಿದೆ. ಅದು ಕೇಳಿತು, ಖಂಡಿತವೇ ಎಂದು. ಒತ್ತಿದೆ. ಡ್ರಾಯರಿನಲ್ಲಿದ್ದ ನೋಟೀಸುಗಳನ್ನು ಲೈಬ್ರರಿ ಮೂಲೆಯ ಕಟ್ಟಿಗೆಯೊಲೆಗೆ ಹಾಕಿದೆ.

ನಿನಗೆ ನಾನು ಹೇಳದೆ ಉಳಿಸಿಕೊಂಡದ್ದು ಏನು ಎಂದು ಈಗ ಹೇಳಬಹುದೆಂದು ತೋರುತ್ತದೆ. ಏನೂ ಇರಲಿಲ್ಲ. ಈ ಪುಸ್ತಕದ ಬಗ್ಗೆ ಅವಳು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಹಾಗೆಂದು ನಿನಗೆ ಹೇಳಿದ್ದರೆ ಅದೂ ಅವಳ ಗುಟ್ಟನ್ನು ಹೇಳಿದಂತೆಯೇ ಆಗುತ್ತಿತ್ತು. ನೀನು ಇದನ್ನು ಒಪ್ಪುವುದಿಲ್ಲ.

ಕೆಂಪು ಚುಕ್ಕೆಗಳನ್ನು ಕೀಳುತ್ತಿದ್ದೇನೆ. ಉಗುರಿಗೆ ಅಂಟು ಹತ್ತಿದೆ. ಬಸ್ಸಿನಲ್ಲಿ ದಾಟಿಸುವ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಡಾನಿಕಾ ನಂಬಿರುವುದಾದರೆ ಹಾಗೇ ನಂಬಿರಲಿ.

ಪುಸ್ತಕ ಈಗ ನಿನ್ನ ಹೆಸರಿನಲ್ಲಿದೆ. ದ್ವೀಪದವರು ಯಾರು ಬೇಕಾದರೂ ನಮ್ಮಲ್ಲಿ ಓದುಗರಾಗಬಹುದು. ನೀನು ಇಷ್ಟು ವರ್ಷ ಆಗಿರಲಿಲ್ಲ. ಮೊದಲ ಭಾಗದಲ್ಲಿ ಒಂದು ಪುಟದ ಮೂಲೆ ಮಡಚಿದೆ. ಅದು ತನ್ನದಲ್ಲ, ಬ್ರಯನಿ ಮಡಚಿ ‘ಇಲ್ಲಿಗಾಯ್ತು’ ಎಂದು ತೋರಿಸಿದ್ದು ಎಂದು ಡಾನಿಕಾ ಹೇಳಿದಳು. ಪುಟ ಮಡಚುವವರನ್ನು ನಾನು ಹೇಗೆ ನೋಡುತ್ತೇನೆ ಎಂದು ನಿನಗೀಗ ಗೊತ್ತು. ಇದನ್ನು ಬಿಡಿಸಿಲ್ಲ.

ಇನೆಕೆ


ಕಟ್ಲರ್ಸ್ ಬೇ
11 ಏಪ್ರಿಲ್ 2018

ಇನೆಕೆ,

ನೋಟೀಸು ಬಂತು. ಈ ಸಲ ನನ್ನ ಹೆಸರಿಗೇ. ‘ಪ್ರಿಯ ರೇಲೀನ್, ಈ ಪುಸ್ತಕದ ಅವಧಿ ಮುಗಿದಿದೆ. ಇನ್ನೊಬ್ಬ ಓದುಗರು ಇದಕ್ಕಾಗಿ ಕಾಯುತ್ತಿದ್ದಾರೆ.’ ಡ್ರಾಯರಿಗೆ ಹಾಕಿಕೊಳ್ಳದೆ ಕಳಿಸಿದೆಯಲ್ಲ, ಒಳ್ಳೆಯದು ಮಾಡಿದೆ. ಲಕೋಟೆ ತೆರೆದು ನಕ್ಕೆ ಕಣೇ. ಅಡುಗೆಮನೆಯಲ್ಲಿ ಒಬ್ಬಳೇ.

ಓದಲು ಶುರುಮಾಡಿದ್ದು ನೀನು ಕೊಟ್ಟ ದಿನವೇ. ಅವಳು ಹೇಳಿದ್ದು ನಿಜ, ಯಾರೂ ಬಾಯಿ ಬಿಡುವುದಿಲ್ಲ, ಹಿಮ ನೋಡುತ್ತಾ ನಿಂತಿರುತ್ತಾರೆ. ಎಲ್ಲೆಲ್ಲಿ ಅವಳಿಗೆ ಆಕಳಿಕೆ ಬಂದಿರುತ್ತದೆ ಅಂತ ನನಗೆ ಗೊತ್ತಾಗುತ್ತಿತ್ತು. ಎರಡೇ ದಿನದಲ್ಲಿ ಮಡಚಿದ ಪುಟಕ್ಕೆ ಬಂದೆ. ಆಮೇಲೆ ಅಲ್ಲೇ ನಿಂತೆ.

ದಿನಾ ಸಂಜೆ ತೆಗೆಯುವುದು, ಆ ಪುಟ ಓದುವುದು, ಮುಚ್ಚಿಡುವುದು. ಬಾಯಿಪಾಠವಾಗಿದೆ. ತಾಯಿ ಹುಡುಗಿಯರ ಕೈಗವಸು ಹುಡುಕುತ್ತಿರುತ್ತಾಳೆ. ಒಂದು ಬೆಂಚಿನ ಕೆಳಗೆ ಸಿಗುತ್ತದೆ. ಇನ್ನೊಂದು ಎಲ್ಲೂ ಇಲ್ಲ. ಅವಳು ಮನೆಯೆಲ್ಲ ಜಾಲಾಡುತ್ತಾಳೆ, ಪುಟ ಮುಗಿಯುತ್ತದೆ. ಅಲ್ಲಿಯವರೆಗೆ ಬ್ರಯನಿ ನನ್ನ ಜೊತೆ ಬಂದಿದ್ದಳು. ತಿರುಗಿಸಿದರೆ ಅವಳು ಹಿಂದೆ ಉಳಿಯುತ್ತಾಳೆ, ನಾನೊಬ್ಬಳೇ ಮುಂದೆ ಹೋಗಬೇಕು.

ಮಟನ್‌ಬರ್ಡ್ ಕಡಲಹಕ್ಕಿಗಳು ವಲಸೆ ಹೊರಟವು. ಮರಿಗಳನ್ನು ಬಿಲದಲ್ಲಿ ಬಿಟ್ಟು ದೊಡ್ಡವು ಮೊದಲು ಹೋಗುತ್ತವೆ, ನಿನಗೆ ಗೊತ್ತಲ್ಲ. ಮರಿಗಳು ದಾರಿ ತಾವೇ ಕಂಡುಕೊಂಡು ಆಮೇಲೆ ಹೋಗುತ್ತವೆ. ನಿನ್ನೆ ಬೆಳಿಗ್ಗೆ ದಡಕ್ಕೆ ಹೋದಾಗ ಆಕಾಶ ಖಾಲಿ ಇತ್ತು. ಪಾಚಿ ಎಳೆದೆ, ಲೋಡು ಮಾಡಿದೆ. ಎಷ್ಟೋ ದಿನದ ಮೇಲೆ ಅಲೆಯಲ್ಲಿ ಬೇರೇನನ್ನೂ ಹುಡುಕದೆ ಮನೆಗೆ ಬಂದೆ ಅಂತ ಗೇಟು ದಾಟಿದ ಮೇಲೆ ಹೊಳೆಯಿತು. ಕೈ ತೊಳೆದುಕೊಂಡು ನೇರ ಪುಸ್ತಕ ತೆಗೆದೆ. ಅವಳು ಮಡಚಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ಪುಟ ತಿರುಗಿಸಿದೆ.

ಡಾನಿಕಾಗೆ ಇನ್ನೂ ಸ್ವಲ್ಪ ಕಾಯಲು ಹೇಳು. ನಾನು ನಿಧಾನ ಓದುವವಳು.

ಇನ್ನೊಂದು ಕೈಗವಸು ಒಲೆಯ ಹಿಂದೆ ಬಿದ್ದಿತ್ತು. ಬೆಚ್ಚಗಿತ್ತು.

ರೇಲೀನ್